ಒಬ್ಬರೇ ಗ್ಯೊಂಗ್ಜು ನೋಡುವುದಾದರೆ: ಬೆಟ್ಟ ಮೊದಲು, ಕೆರೆ ಕೊನೆಗೆ

ದಕ್ಷಿಣ ಕೊರಿಯಾಕ್ಕೆ ಹೋಗುವ ನಮ್ಮವರು ಸಾಮಾನ್ಯವಾಗಿ ಸೋಲ್, ಬುಸಾನ್, ಜೇಜು ಅಂತ ಮೂರು ಕಡೆ ಓಡಾಡಿ ವಾಪಸ್ ಬಂದುಬಿಡುತ್ತಾರೆ. ನಡುವೆ ಒಂದು ದಿನ ಉಳಿಸಲು ಆದರೆ ಅದನ್ನು ಗ್ಯೊಂಗ್ಜುಗೆ ಕೊಡಿ. ಕ್ರಿ.ಶ. 935ರವರೆಗೆ, ಹತ್ತಿರ ಹತ್ತಿರ ಸಾವಿರ ವರ್ಷ, ಶಿಲ್ಲಾ ರಾಜರ ರಾಜಧಾನಿ ಇದು. ಆ ರಾಜರ ಸಮಾಧಿಗಳು ಊರಾಚೆ ಎಲ್ಲೋ ಇಲ್ಲ. ಬಸ್ ಸ್ಟ್ಯಾಂಡಿನಿಂದ ನಡೆದು ಹೋದರೆ ಮನೆ, ಕೆಫೆ, ಪಾರ್ಕಿಂಗ್ ಜಾಗಗಳ ಪಕ್ಕದಲ್ಲೇ ಹುಲ್ಲು ಹೊದ್ದ ದೊಡ್ಡ ದೊಡ್ಡ ದಿಬ್ಬಗಳು ಎದುರಾಗುತ್ತವೆ.

ಒಂದೇ ದಿನದಲ್ಲಿ ಎಲ್ಲ ನೋಡಬಹುದಾ? ಮುಖ್ಯವಾದದ್ದನ್ನು ನೋಡಬಹುದು, ಆದರೆ ಯಾವುದು ಮೊದಲು ಅನ್ನುವುದರಲ್ಲೇ ಎಲ್ಲ ಇದೆ. ಬಹಳ ಜನ ಊರೊಳಗಿನ ದಿಬ್ಬಗಳಿಂದ ಶುರು ಮಾಡಿ ಮಧ್ಯಾಹ್ನ ಬೆಟ್ಟಕ್ಕೆ ಹೋಗುತ್ತಾರೆ. ಅಷ್ಟು ಹೊತ್ತಿಗೆ ಟೂರ್ ಬಸ್ಸುಗಳೆಲ್ಲ ಅಲ್ಲಿಗೆ ಬಂದಿರುತ್ತವೆ. ಉಲ್ಟಾ ಮಾಡಿ. ಬೆಳಿಗ್ಗೆ ಬೇಗ ಬೆಟ್ಟ, ಮಧ್ಯಾಹ್ನ ಊರು, ಕತ್ತಲಾದ ಮೇಲೆ ಕೆರೆ. ಸಂಜೆ ಐದಕ್ಕೆ ಬುಸಾನಿಗೆ ಹೊರಡುವ ಯೋಚನೆ ಇದ್ದರೆ ಬಿಡಿ. ಗ್ಯೊಂಗ್ಜು ರಾತ್ರಿಯಲ್ಲೂ ನೋಡಬೇಕಾದ ಊರು.

ಬುಸಾನಿನಿಂದ ಬರುವುದು ಸುಲಭ. ಮೆಟ್ರೋ ಒಂದನೇ ಲೈನಿನ ಕೊನೆಯ ಸ್ಟೇಷನ್ ನೋಪೊ, ಅಲ್ಲೇ ಬಸ್ ಟರ್ಮಿನಲ್. ಅಲ್ಲಿಂದ ಸುಮಾರು ಒಂದು ಗಂಟೆ. ಬಸ್ಸು ಹಳೇ ಊರಿನ ಪಕ್ಕಕ್ಕೇ ತಂದು ಇಳಿಸುತ್ತದೆ. ಸೋಲ್‌ನಿಂದಾದರೆ ಕೆಟಿಎಕ್ಸ್ ರೈಲಿನಲ್ಲಿ ಎರಡು ಗಂಟೆ ಹಿಡಿಯುತ್ತದೆ. ಆದರೆ ಆ ಸ್ಟೇಷನ್ ಊರಿನಿಂದ ಸಾಕಷ್ಟು ಹೊರಗಿದೆ, ಮತ್ತೆ ಸಿಟಿ ಬಸ್ ಹಿಡಿಯಬೇಕು. ಊರೊಳಗಿದ್ದ ಹಳೇ ರೈಲ್ವೆ ಸ್ಟೇಷನ್ 2021ರ ಕೊನೆಯಲ್ಲಿ ಮುಚ್ಚಿತು. ಹಳೇ ಗೈಡ್ ಪುಸ್ತಕ ಹಿಡಿದು ಹೊರಟವರು ಇದನ್ನು ನೆನಪಿಟ್ಟುಕೊಳ್ಳಿ.

ಹೊರಡುವ ಮುಂಚೆ ಫೋನಿನಲ್ಲಿ ನೇವರ್ ಮ್ಯಾಪ್ ಹಾಕಿಕೊಳ್ಳಿ. ಕೊರಿಯಾದಲ್ಲಿ ನಡೆಯುವ ದಾರಿಗೆ ಗೂಗಲ್ ಮ್ಯಾಪನ್ನು ನಂಬಿ ಕೂರಬೇಡಿ. ಬಸ್ಸು, ಮೆಟ್ರೋಗೆ ಬಳಸುವ ಟಿ-ಮನಿ ಕಾರ್ಡ್ ಇದ್ದರೆ ಊರೂರಿನ ಸಿಟಿ ಬಸ್ಸಿಗೂ ಅದೇ ನಡೆಯುತ್ತದೆ. ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಮುಟ್ಟಿಸಬೇಕು. ರೀಚಾರ್ಜ್ ಮಾಡಿಸಲು ಸ್ವಲ್ಪ ನಗದು ಇಟ್ಟುಕೊಂಡಿರಿ.

ಟರ್ಮಿನಲ್ ಹತ್ತಿರದಿಂದ 10 ಮತ್ತು 11ನೇ ನಂಬರಿನ ಬಸ್ಸುಗಳು ಬುಲ್ಗುಕ್ಸಾ ದೇವಾಲಯಕ್ಕೆ ಹೋಗುತ್ತವೆ. ಎರಡೂ ಒಂದೇ ಸುತ್ತು, ದಿಕ್ಕು ಮಾತ್ರ ಬೇರೆ. ಹೋಗುವಾಗ 11 ಹತ್ತಿ, ಬರುವಾಗ 10. 10 ಹತ್ತಿ ಹೊರಟರೆ ಬೊಮುನ್ ಕೆರೆಯನ್ನೆಲ್ಲ ಸುತ್ತಿಸಿ ಕರೆದುಕೊಂಡು ಹೋಗುತ್ತದೆ. ರೆಸಾರ್ಟ್‌ಗಳ ಜಾಗ ಅದು, ಒಂದು ದಿನಕ್ಕೆ ಬಂದವರಿಗೆ ಬೇಕಿಲ್ಲ.

ಬುಲ್ಗುಕ್ಸಾದಲ್ಲಿ ಇಳಿದರೂ ಕೂಡಲೇ ಒಳಗೆ ಹೋಗಬೇಡಿ. ಅಲ್ಲಿಂದ 12ನೇ ನಂಬರ್ ಬಸ್ ತೊಹಾಮ್‌ಸಾನ್ ಬೆಟ್ಟದ ಮೇಲಿನ ಸೊಕ್ಗುರಾಮ್ ಗುಹೆಗೆ ಹೋಗುತ್ತದೆ. ಹೆಚ್ಚುಕಡಿಮೆ ಗಂಟೆಗೊಂದು ಬಸ್, ತಪ್ಪಿದರೆ ಸುಮ್ನೆ ಕಾಯಬೇಕು. ಬಸ್ಸಲ್ಲಿ ಹತ್ತಿ, ಕಾಡಿನ ದಾರಿಯಲ್ಲಿ ನಡೆದು ಇಳಿಯುವುದು ಒಳ್ಳೆಯದು. ಇಳಿಯಲು ಒಂದು ಗಂಟೆ ಸಾಕು. ದಾರಿ ಚೆನ್ನಾಗಿದೆ, ಒಬ್ಬರೇ ಇದ್ದರೂ ಭಯವಿಲ್ಲ. ಮಳೆ ಬಂದಿದ್ದರೆ ಮಾತ್ರ ಬಸ್ಸಲ್ಲೇ ಇಳಿಯಿರಿ.

ಸೊಕ್ಗುರಾಮ್ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಒಳಗೆ ಬಿಡುವುದಿಲ್ಲ. ಗಾಜಿನ ಈಚೆ ನಿಂತು ನೋಡಬೇಕು, ಫೋಟೊ ತೆಗೆಯುವಂತಿಲ್ಲ. ಹಿಂದಿನಿಂದ ಜನ ಬರುತ್ತಲೇ ಇರುತ್ತಾರೆ. 'ಇಷ್ಟಕ್ಕಾ ಬಂದೆ' ಅಂತ ಗೊಣಗುತ್ತಾ ಹೊರಬರುವವರು ಇದ್ದಾರೆ. ಅದಕ್ಕೇ ಅದು ಏನು ಅಂತ ತಿಳಿದುಕೊಂಡು ಹೋಗಿ. ಬಾದಾಮಿಯ ಗುಹೆಗಳನ್ನು ನೋಡಿದ ಕಣ್ಣಿಗೆ ಇದೂ ಬಂಡೆ ಕೊರೆದದ್ದು ಅನ್ನಿಸುತ್ತದೆ. ಅಲ್ಲ. ಇದು ಕಟ್ಟಿದ ಗುಹೆ. ಗ್ರಾನೈಟ್ ತುಂಡುಗಳನ್ನು ಕಡಿದು, ಗುಮ್ಮಟದ ಹಾಗೆ ಜೋಡಿಸಿ, ಮೇಲೆ ಮಣ್ಣು ಹಾಕಿದ್ದಾರೆ. ಎಂಟನೇ ಶತಮಾನದ ಕೆಲಸ. ನಡುವೆ ಸುಮಾರು ಮೂರೂವರೆ ಮೀಟರ್ ಎತ್ತರದ ಬುದ್ಧ, ಬಲಗೈ ಬೆರಳು ನೆಲದ ಕಡೆಗೆ. ಗಾಜು ಯಾಕೆ ಬಂತು ಅನ್ನುವುದಕ್ಕೂ ಕಥೆ ಇದೆ. ಜಪಾನಿನ ಆಳ್ವಿಕೆಯಲ್ಲಿ, 1910ರ ದಶಕದಲ್ಲಿ, ದುರಸ್ತಿ ಅಂತ ಸಿಮೆಂಟ್ ಬಳಿದರು. ಆಮೇಲೆ ಒಳಗೆ ತೇವ ನಿಲ್ಲಲು ಶುರುವಾಯಿತು. ಹಾಗಾಗಿ ಈಗ ಗಾಜು ಹಾಕಿ ಮುಚ್ಚಿದ್ದಾರೆ, ಒಳಗಿನ ಗಾಳಿಯ ತೇವವನ್ನು ಯಂತ್ರವೇ ನೋಡಿಕೊಳ್ಳಬೇಕು. ರಶ್ ಇದ್ದರೆ ಒಂದು ಗುಂಪು ಹೋಗಲು ಬಿಟ್ಟು ಮತ್ತೆ ಗಾಜಿನ ಹತ್ತಿರ ಬನ್ನಿ, ಯಾರೂ ಬೈಯುವುದಿಲ್ಲ.

ಬಾದಾಮಿಯ ಹೆಸರು ಬಂದಿತಲ್ಲ, ಅದಕ್ಕೆ ಇನ್ನೊಂದು ಕಾರಣವೂ ಇದೆ. ಹ್ಯೇಚೋ ಅನ್ನುವ ಶಿಲ್ಲಾ ನಾಡಿನ ಭಿಕ್ಷು 720ರ ದಶಕದಲ್ಲಿ ಭಾರತ ಸುತ್ತಿ ತನ್ನ ಪ್ರವಾಸವನ್ನು ಬರೆದಿಟ್ಟ. ಅದರ ಹಸ್ತಪ್ರತಿ 1908ರಲ್ಲಿ ಚೀನಾದ ದುನ್‌ಹುವಾಂಗ್ ಗುಹೆಯಲ್ಲಿ ಸಿಕ್ಕಿತು. ಅದರಲ್ಲಿ ದಕ್ಷಿಣ ಭಾರತದ ರಾಜನ ಮಾತೂ ಬರುತ್ತದೆ. ಆ ಹೊತ್ತಿಗೆ ಬಾದಾಮಿಯಲ್ಲಿ ಆಳುತ್ತಿದ್ದವನು ಚಾಲುಕ್ಯರ ವಿಜಯಾದಿತ್ಯ. ಬೆಟ್ಟ ಇಳಿಯುವಾಗ ನನ್ನ ತಲೆಯಲ್ಲಿ ಇದೇ ಓಡುತ್ತಿತ್ತು. ಅಲ್ಲಿಂದ ಇಲ್ಲಿಗೆ ಬರಲು ನಮಗೆ ಒಂದು ವೀಸಾ, ಎರಡು ವಿಮಾನ. ಇಲ್ಲಿಂದ ಅಲ್ಲಿಗೆ ಹೋಗಲು ಹ್ಯೇಚೋಗೆ ವರ್ಷಗಳೇ ಬೇಕಾದವು.

ಕೆಳಗೆ ಬುಲ್ಗುಕ್ಸಾ. 2023ರಿಂದ ಪ್ರವೇಶ ಉಚಿತ. ಹೋಗುವ ಮುಂಚೆ ಅಂಗಡಿಯಲ್ಲಿ ಚಿಲ್ಲರೆ ಸಿಕ್ಕರೆ ಒಂದು 10 ವಾನ್ ನಾಣ್ಯ ಜೇಬಲ್ಲಿಟ್ಟುಕೊಳ್ಳಿ. ಅದರ ಮೇಲಿರುವುದು ಇಲ್ಲಿನ ದಾಬೊತಾಪ್ ಗೋಪುರ. ನಾಣ್ಯವನ್ನು ಕಣ್ಣೆದುರು ಹಿಡಿದು ಗೋಪುರ ನೋಡಿದರೆ ಮೆಟ್ಟಿಲು, ಕಂಬ, ಎಂಟು ಮೂಲೆಯ ಕಟಕಟೆ ಒಂದೊಂದಾಗಿ ಗುರುತು ಸಿಗುತ್ತವೆ. ಮೊದಲು ನಾಲ್ಕು ಕಲ್ಲಿನ ಸಿಂಹಗಳಿದ್ದವಂತೆ, ಈಗ ಒಂದೇ ಒಂದು ಕೂತಿದೆ. ಎದುರಿಗಿರುವ ಸೊಕ್ಗತಾಪ್ ನೋಡಲು ತೀರಾ ಸಾದಾ, ಮೂರು ಅಂತಸ್ತು ಅಷ್ಟೇ. ಆದರೆ 1966ರಲ್ಲಿ ಅದರೊಳಗೆ ಮರದ ಅಚ್ಚಿನಲ್ಲಿ ಮುದ್ರಿಸಿದ ಧಾರಣಿಯ, ಅಂದರೆ ಬೌದ್ಧ ಮಂತ್ರಪಾಠದ, ಸುರುಳಿ ಸಿಕ್ಕಿತು. ಜಗತ್ತಿನಲ್ಲಿ ಉಳಿದಿರುವ ಅತಿ ಹಳೆಯ ಮುದ್ರಣಗಳಲ್ಲಿ ಅದೂ ಒಂದು. ಮರದ ಕಟ್ಟಡಗಳು ಮಾತ್ರ ಹಳೆಯವಲ್ಲ. 1593ರಲ್ಲಿ ಜಪಾನೀ ಸೈನ್ಯ ಬೆಂಕಿ ಹಚ್ಚಿತ್ತು. ಈಗ ಕಾಣುವ ರೂಪ ಬಹುಪಾಲು 1970ರ ಸುಮಾರಿಗೆ ಕಟ್ಟಿದ್ದು. ಕಲ್ಲು ಹಳೆಯದು, ಮರ ಹೊಸದು ಅಂದುಕೊಂಡು ನೋಡಿದರೆ ಸರಿ.

ಇನ್ನು ಊಟ. ಒಂಟಿ ಪ್ರಯಾಣಿಕರಿಗೆ ಈ ಊರಲ್ಲಿ ಕಷ್ಟ ಅಂದರೆ ಇದೊಂದೇ. ದಿಬ್ಬಗಳ ಹತ್ತಿರದ ಬೀದಿಯಲ್ಲಿ ಸ್ಸಾಂಬಾಪ್ ಹೋಟೆಲುಗಳು ಸಾಲಾಗಿವೆ. ಎಲೆಯಲ್ಲಿ ಅನ್ನ, ಪಲ್ಯ ಸುತ್ತಿಕೊಂಡು ತಿನ್ನುವ ಊಟ ಅದು, ಟೇಬಲ್ ತುಂಬ ತಟ್ಟೆಗಳು ಬರುತ್ತವೆ. ಆದರೆ ಎಷ್ಟೋ ಕಡೆ ಕನಿಷ್ಠ ಇಬ್ಬರಿಗಾದರೆ ಮಾತ್ರ ಕೊಡುತ್ತಾರೆ. ಕೂರುವ ಮೊದಲೇ ಒಂದು ಬೆರಳು ತೋರಿಸಿ 'ಹೊಂಜಾಯೆಯೊ' ಅನ್ನಿ, ಒಬ್ಬರೇ ಅಂತ. ಆಗಲ್ಲ ಅಂದರೆ ಬೇಜಾರು ಬೇಡ, ಪಕ್ಕದ ಅಂಗಡಿ ನೋಡಿ. ಒಂದು ಚಿಕ್ಕ ಹೋಟೆಲಿನ ಅಜ್ಜಿ ನನ್ನನ್ನು ಅಡುಗೆಮನೆ ಬಾಗಿಲ ಪಕ್ಕ ಕೂರಿಸಿ, ಎಲೆ ಹೇಗೆ ಸುತ್ತಬೇಕು ಅಂತ ತಾವೇ ಸುತ್ತಿ ತೋರಿಸಿದರು.

ಸಸ್ಯಾಹಾರಿಗಳು ಬಿಬಿಂಬಾಪ್ ಹೇಳಿ, ಅನ್ನಕ್ಕೆ ತರಕಾರಿ ಕಲಸಿ ತಿನ್ನುವುದು. 'ಗೋಗಿ ಪ್ಪೆ ಜುಸೆಯೊ' ಅಂದರೆ ಮಾಂಸ ಹಾಕುವುದಿಲ್ಲ. ಮೊಟ್ಟೆ ಬೇಡ ಅನ್ನಲು 'ಗ್ಯೆರಾನ್ ಪ್ಪೆ ಜುಸೆಯೊ'. ಆದರೂ ಊಟದ ಜೊತೆ ಬರುವ ಹುಳಿ ಬರಿಸಿದ ಕೋಸಿನ ಕಿಮ್ಚಿಯಲ್ಲಿ ಸಾಮಾನ್ಯವಾಗಿ ಮೀನಿನ ರಸ ಇರುತ್ತದೆ, ಸಾರಿಗೆ ಒಣಮೀನು ಕುದಿಸಿರುತ್ತಾರೆ. ಕಟ್ಟುನಿಟ್ಟಿನವರು ಬ್ಯಾಗಲ್ಲಿ ಚಟ್ನಿಪುಡಿ ಇಟ್ಟುಕೊಂಡು ಬರೀ ಅನ್ನ ತರಿಸಿಕೊಳ್ಳುವುದೇ ವಾಸಿ.

ವಾಪಸ್ ಬರುವಾಗ 10ನೇ ಬಸ್ಸಿನಿಂದ ರಾಷ್ಟ್ರೀಯ ಮ್ಯೂಸಿಯಂ ಹತ್ತಿರ ಇಳಿದುಬಿಡಿ. ಶಾಶ್ವತ ಪ್ರದರ್ಶನಕ್ಕೆ ಟಿಕೆಟ್ ಇಲ್ಲ. ಅಂಗಳದಲ್ಲಿ 771ರಲ್ಲಿ ಎರಕ ಹೊಯ್ದ ಕಂಚಿನ ಗಂಟೆ ತೂಗಿದೆ, ಸುಮಾರು 19 ಟನ್. ಒಳಗೆ ಶಿಲ್ಲಾ ರಾಜರ ಚಿನ್ನದ ಕಿರೀಟ. ಹೊತ್ತು ಕಡಿಮೆ ಇದ್ದರೆ ಇವೆರಡೇ ಸಾಕು.

ಮ್ಯೂಸಿಯಂನಿಂದ ಮುಂದೆಲ್ಲ ನಡಿಗೆ, ನೆಲ ಮಟ್ಟಸ. ಏಳನೇ ಶತಮಾನದ ಚೊಮ್‌ಸೊಂಗ್ಡೆ ವೀಕ್ಷಣಾಲಯ ದಾರಿಯಲ್ಲೇ ಸಿಗುತ್ತದೆ. ಎತ್ತರ ಬರೀ 9 ಮೀಟರ್ ಚಿಲ್ಲರೆ. ಫೋಟೊದಲ್ಲಿ ಕಂಡಷ್ಟು ದೊಡ್ಡದಿಲ್ಲ, ಐದು ನಿಮಿಷ ಸಾಕು.

ಆ ಉಳಿದ ಸಮಯವನ್ನು ದೆರುಂಗ್ವಾನ್ ಸಮಾಧಿ ತೋಟಕ್ಕೆ ಕೊಡಿ. ಒಳಗೆ ಹೋಗಲು ಬಿಡುವುದು ಚೊನ್ಮಾಚೊಂಗ್ ದಿಬ್ಬ ಒಂದಕ್ಕೇ, ಅದಕ್ಕೆ 3,000 ವಾನ್. 1973ರಲ್ಲಿ ಅಗೆದದ್ದು. ಪಕ್ಕದ ದೊಡ್ಡ ಜೋಡಿ ದಿಬ್ಬ ಅಗೆಯುವ ಮೊದಲು ಕೈ ಪಳಗಲಿ ಅಂತ ಇದನ್ನು ತೆಗೆದರಂತೆ. ತೆಗೆದರೆ ಚಿನ್ನದ ಕಿರೀಟವೇ ಸಿಕ್ಕಿತು! ಒಳಗೆ ದಿಬ್ಬವನ್ನು ಸೀಳಿದ ಹಾಗೆ ತೋರಿಸಿದ್ದಾರೆ. ನಡುವೆ ಮರದ ಕೋಣೆ, ಅದರ ಮೇಲೆ ಮುಷ್ಟಿಗಿಂತ ದೊಡ್ಡ ಹೊಳೆಗಲ್ಲುಗಳ ರಾಶಿ, ಅದರ ಮೇಲೆ ಮಣ್ಣು. ಕಳ್ಳ ಮೇಲಿಂದ ತೋಡಿದರೆ ಕಲ್ಲು ಜಾರಿ ಗುಂಡಿ ಮತ್ತೆ ಮುಚ್ಚಿಕೊಳ್ಳುತ್ತದೆ. ಸಾವಿರದೈನೂರು ವರ್ಷ ಚಿನ್ನ ಅಲ್ಲೇ ಉಳಿದದ್ದು ಹೀಗೆ. ದಿಬ್ಬಗಳ ಮೇಲೆ ಹತ್ತುವುದು ನಿಷಿದ್ಧ, ಫೋಟೊಗೂ ಬೇಡ.

ಹೊರಗೆ ಬಂದರೆ ಹ್ವಾಂಗ್ನಿದಾನ್‌ಗಿಲ್ ಬೀದಿ. ಹಳೇ ಹೆಂಚಿನ ಮನೆಗಳು ಈಗ ಕೆಫೆಗಳಾಗಿವೆ. ವಾರಾಂತ್ಯದಲ್ಲಿ ಕಾಲಿಡಲು ಜಾಗವಿಲ್ಲ. ಆ ದಾಬೊತಾಪ್ ನಾಣ್ಯದ ಆಕಾರದ ಚೀಸ್ ಬ್ರೆಡ್ ಇಲ್ಲಿ ಮಾರುತ್ತಾರೆ. ನನಗೇನೂ ವಿಶೇಷ ಅನ್ನಿಸಲಿಲ್ಲ. 1939ರಿಂದ ಮಾಡುತ್ತಿರುವ ಹ್ವಾಂಗ್ನಾಮ್ ಬ್ರೆಡ್ ಬಿಸಿಯಾಗಿ ಸಿಕ್ಕರೆ ತಿನ್ನಿ, ಒಳಗೆ ಕೆಂಪು ಕಾಳಿನ ಹೂರಣ.

ಕೊನೆಗೆ ವೊಲ್ಜಿ ಕೆರೆ, ಟಿಕೆಟ್ 3,000 ವಾನ್, ರಾತ್ರಿ ಹತ್ತರವರೆಗೆ ತೆರೆದಿರುತ್ತದೆ. ಸೂರ್ಯ ಮುಳುಗುವ ಅರ್ಧ ಗಂಟೆ ಮುಂಚೆ ಹೋದರೆ ಹಗಲು, ದೀಪ ಎರಡೂ ಸಿಗುತ್ತವೆ. 674ರಲ್ಲಿ ರಾಜ ಮುನ್ಮು ಮಾಡಿಸಿದ ಕೆರೆ. ದಡ ಅಂಕುಡೊಂಕಾಗಿದೆ, ಯಾವ ಕಡೆ ನಿಂತರೂ ಪೂರ್ತಿ ಕೆರೆ ಕಾಣುವುದಿಲ್ಲ. ಹಾಗಾಗಿ ಬಾಗಿಲ ಹತ್ತಿರದ ಫೋಟೊ ಗುಂಪಿನಲ್ಲಿ ಸಿಕ್ಕಿಕೊಳ್ಳದೆ ಸುತ್ತು ಹಾಕಿ. 1975ರಲ್ಲಿ ಇಲ್ಲಿನ ಕೆಸರಿನಲ್ಲಿ 14 ಮುಖದ ಮರದ ದಾಳ ಸಿಕ್ಕಿತು. ಒಂದೊಂದು ಮುಖದಲ್ಲೂ ಒಂದೊಂದು ಅಪ್ಪಣೆ: ಮೂರು ಬಟ್ಟಲು ಒಂದೇ ಸಲ ಕುಡಿ, ಸದ್ದಿಲ್ಲದೆ ಕುಣಿ, ಹೀಗೆ. ಅಸಲಿ ದಾಳ ಒಣಗಿಸುವಾಗ ಸುಟ್ಟುಹೋಯಿತು, ಈಗ ಇರುವುದು ನಕಲು.

ಉಳಿಯಲು ಹಳೇ ಊರಿನ ಹಾನೊಕ್, ಅಂದರೆ ಸಾಂಪ್ರದಾಯಿಕ ಕೊರಿಯನ್ ಮನೆಯ, ಅತಿಥಿಗೃಹ ಹುಡುಕಿ. ನೆಲದ ಮೇಲೆ ಹಾಸಿಗೆ, ಕೆಳಗಿನಿಂದ ಬಿಸಿ. ಮಂಡಿ ನೋವಿದ್ದರೆ ಮಂಚ ಇದೆಯಾ ಅಂತ ಮೊದಲೇ ಕೇಳಿ. ಏಪ್ರಿಲ್ ಶುರುವಿನಲ್ಲಿ ಚೆರ್ರಿ ಹೂವು, ನವೆಂಬರಿನಲ್ಲಿ ಕೆಂಪೆಲೆ, ಆಗೆಲ್ಲ ರೂಮಿನ ಬಾಡಿಗೆ ಜಾಸ್ತಿ. ಚುಸೊಕ್ (ಸುಗ್ಗಿ), ಸೊಲ್ಲಾಲ್ (ಚಾಂದ್ರಮಾನ ಹೊಸವರ್ಷ) ಹಬ್ಬಗಳ ದಿನ ಬಸ್ಸು, ರೈಲು ಎರಡರಲ್ಲೂ ಸೀಟು ಸಿಗುವುದು ಕಷ್ಟ. ತಾರೀಖು ಆರಿಸುವ ಮೊದಲು ಕೊರಿಯಾದ ಕ್ಯಾಲೆಂಡರ್ ಒಮ್ಮೆ ತೆರೆದು ನೋಡಿ.