ಅಕ್ಕನಿಗೆ ನಾನು ಹೇಳಿದ ಹೊತ್ತು

ಲಂಡನ್ನಿನ ಹೀಥ್ರೋದಿಂದ ಲಾಸ್ ಏಂಜಲೀಸ್‌ಗೆ ಸುಮಾರು 8,800 ಕಿಲೋಮೀಟರ್. ವಿಮಾನದ ವೇಗ ಗಂಟೆಗೆ 900 ಅಂತ ಹಿಡಿದೆ. ಭಾಗಿಸಿದರೆ ಹತ್ತು ಗಂಟೆಯೂ ಆಗುವುದಿಲ್ಲ. ಮಧ್ಯಾಹ್ನ ಮೂರಕ್ಕೆ ಹೊರಡುವುದು, ಅಲ್ಲಿನ ಗಡಿಯಾರ ಎಂಟು ಗಂಟೆ ಹಿಂದೆ. "ಐದಕ್ಕೆಲ್ಲ ಇಳಿದಿರ್ತೀನಿ ಅಕ್ಕಾ" ಅಂತ ಮೆಸೇಜ್ ಹಾಕಿದೆ. ಟಿಕೆಟ್‌ನಲ್ಲಿ 6.15 ಅಂತ ಇತ್ತು. ಇಮಿಗ್ರೇಷನ್ ಸಾಲು, ಬ್ಯಾಗ್ ಕಾಯುವುದು ಎಲ್ಲ ಅದರಲ್ಲೇ ಸೇರಿರುತ್ತದೆ ಅಂದುಕೊಂಡಿದ್ದೆ.

ಸೇರಿರುವುದಿಲ್ಲ. ಟಿಕೆಟ್‌ನ ಹೊತ್ತು ವಿಮಾನ ಒಂದು ಗೇಟ್ ಬಿಟ್ಟು ಇನ್ನೊಂದು ಗೇಟ್ ಮುಟ್ಟುವ ತನಕ ಮಾತ್ರ. ನಾನು ಹೊರಗೆ ಬಂದಾಗ ಏಳೂವರೆ. ಅಕ್ಕನ ಐದು ವರ್ಷದ ಮಗ ಅವಳ ಜಾಕೆಟ್ ಹಾಸಿಕೊಂಡು ನೆಲದ ಮೇಲೆ ನಿದ್ದೆ ಹೋಗಿದ್ದ. ಕೈಯಲ್ಲಿ ನನ್ನ ಹೆಸರು ಬರೆದ ಹಾಳೆ ಮಡಚಿಹೋಗಿತ್ತು. ಅದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಹಾಗಾದರೆ ನನ್ನ ಲೆಕ್ಕದಲ್ಲಿ ಬಿಟ್ಟುಹೋದದ್ದೇನು? ರನ್‌ವೇ ತನಕ ಉರುಳುವುದು, ಸರದಿ ಕಾಯುವುದು, ಮೇಲೇರುವಾಗ ಇಳಿಯುವಾಗ ವೇಗ ಕಡಿಮೆ ಇರುವುದು, ಇವೆಲ್ಲ ಇವೆ. ಆದರೆ ಜಾಸ್ತಿ ಹೊತ್ತು ತಿನ್ನುವುದು ಗಾಳಿ. ಹತ್ತು ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಅನ್ನುವ ಗಾಳಿ ಹೊಳೆಯ ಹಾಗೆ ಹರಿಯುತ್ತಿರುತ್ತದೆ. ನಾನು ಹೋಗಿದ್ದು ಅದಕ್ಕೆ ಎದುರಾಗಿ. ಸೀಟಿನ ಮುಂದಿನ ಪರದೆಯಲ್ಲಿ ನೆಲದ ಲೆಕ್ಕದ ವೇಗ 780ಕ್ಕೆ ಇಳಿದಿತ್ತು. ವಾಪಸ್ ಬರುವಾಗ ಅದೇ ಪರದೆಯಲ್ಲಿ 1,020! ಎಂಜಿನ್ ಹೆಚ್ಚೇನೂ ದುಡಿಯುತ್ತಿರಲಿಲ್ಲ, ಗಾಳಿ ಬೆನ್ನಿಗಿತ್ತು ಅಷ್ಟೇ. 2020ರ ಫೆಬ್ರವರಿಯಲ್ಲಿ ಬ್ರಿಟಿಷ್ ಏರ್‌ವೇಸ್‌ನ ಒಂದು 747 ವಿಮಾನ ಇದೇ ಗಾಳಿಯ ಬಲದಲ್ಲಿ ನ್ಯೂಯಾರ್ಕ್‌ನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ಬಂದಿತ್ತು. ಅಂದರೆ ಎರಡು ಊರಿನ ದೂರ ಒಂದೇ ಇದ್ದರೂ ಹೋಗುವ ಹೊತ್ತು, ಬರುವ ಹೊತ್ತು ಬೇರೆಬೇರೆ.

ದಾರಿಯ ವಿಷಯವೂ ಹೇಳಬೇಕು. ಏಪ್ರಿಲ್ ತಿಂಗಳು. ಅಟ್ಲಾಂಟಿಕ್ ದಾಟಿ ನೇರ ಅಮೆರಿಕದ ಮೇಲೆ ಹೋಗುತ್ತೇವೆ ಅಂದುಕೊಂಡು ಕಿಟಕಿ ತೆರೆದರೆ ಕೆಳಗೆ ಗ್ರೀನ್‌ಲ್ಯಾಂಡ್! ಬಿಳಿ ಹಿಮದ ನಡುವೆ ಕಪ್ಪು ಬೆಟ್ಟದ ತುದಿಗಳು, ಸಮುದ್ರದ ಅಂಚಿನಲ್ಲಿ ಒಡೆದ ಮಂಜುಗಡ್ಡೆ. ನನಗೆ ಕಣ್ಣು ತೆಗೆಯಲಾಗಲಿಲ್ಲ. ಗೋಡೆಯ ಮ್ಯಾಪ್‌ನಲ್ಲಿ ಅದು ಸುಮ್ನೆ ಸುತ್ತಿ ಹೋದಂತೆ ಕಾಣುತ್ತದೆ, ಅಲ್ವಾ? ಭೂಗೋಳದ ಮೇಲೆ ಎರಡು ಊರಿನ ನಡುವೆ ಒಂದು ದಾರ ಬಿಗಿಯಾಗಿ ಎಳೆದು ನೋಡಿ. ದಾರ ತಾನಾಗಿಯೇ ಉತ್ತರಕ್ಕೆ ಸರಿದು ಗ್ರೀನ್‌ಲ್ಯಾಂಡ್ ಮೇಲೆ ಕೂರುತ್ತದೆ. ಅದೇ ಹತ್ತಿರದ ದಾರಿ. ಸೂರ್ಯನ ಜೊತೆಜೊತೆಗೇ ಪಶ್ಚಿಮಕ್ಕೆ ಹೋಗುತ್ತಿದ್ದುದರಿಂದ ಹನ್ನೊಂದು ಗಂಟೆ ಕಳೆದರೂ ಹೊರಗೆ ಬಿಸಿಲು ಆರಲೇ ಇಲ್ಲ.

ಈ ಡಿಸೆಂಬರ್‌ಗೆ ಅಕ್ಕ, ಮಗ ಇಬ್ಬರೂ ಲಂಡನ್ನಿಗೆ ಬರುತ್ತಿದ್ದಾರೆ. ಟಿಕೆಟ್ ಪ್ರಕಾರ ಅಲ್ಲಿ ಸಂಜೆ ಆರಕ್ಕೆ ಹೊರಟು ಇಲ್ಲಿ ಮರುದಿನ ಮಧ್ಯಾಹ್ನ 12.30ಕ್ಕೆ ಇಳಿಯುವುದು. ನೋಡಲು ಹದಿನೆಂಟೂವರೆ ಗಂಟೆ, ಎಂಟು ಕಳೆದರೆ ಹತ್ತೂವರೆ. ಚಳಿಗಾಲದಲ್ಲಿ ಮೇಲಿನ ಗಾಳಿ ಇನ್ನೂ ಜೋರಾಗಿರುತ್ತದೆ, ಬೇಗ ಬಂದರೂ ಬರಬಹುದು. ನಾನು ಹನ್ನೆರಡಕ್ಕೇ ಹೋಗಿ ನಿಂತಿರುತ್ತೇನೆ, ಹುಡುಗನ ಹೆಸರು ಬರೆದ ಹಾಳೆ ಹಿಡಿದು.