ನಡುವ ಯಾರ ಕುಡಿಯಾಕತ್ತಾರ?

"ಹುಟ್ಟೋದು ಹದಿನಾಲ್ಕರ ಮ್ಯಾಲ, ಮುಟ್ಟೋದು ಹದಿಮೂರೂ ಇಲ್ಲ. ನಡುವ ಯಾರ ಕುಡಿಯಾಕತ್ತಾರ, ಅದನ್ನ ಹುಡುಕಬೇಕ್ರಿ."

ಮಂಗಳವಾರ ಕಾರಟಗಿಯಲ್ಲಿ ಆಟೊ ಎಲೆಕ್ಟ್ರಿಷಿಯನ್ ಒಬ್ಬರು ನಮ್ಮ ಗಾಡಿಯ ಬ್ಯಾಟರಿಗೆ ಮುಟ್ಟುವ ವೋಲ್ಟೇಜಿನ ಬಗ್ಗೆ ಆಡಿದ ಮಾತು. ಕೈಯಲ್ಲಿ ವೋಲ್ಟೇಜು ಅಳೆಯುವ ಹಳೆಯ ಮಲ್ಟಿಮೀಟರ್, ಅದರ ವೈರಿಗೆ ಟೇಪು ಸುತ್ತಿತ್ತು. ಮಾತಿನಲ್ಲಿ ಜಂಬವಿಲ್ಲ, ಅವಸರವೂ ಇಲ್ಲ.

ಗಾಡಿ ನನ್ನ ತಮ್ಮನದು, ಚಿಕ್ಕಪ್ಪನ ಮಗ. ಸುಗ್ಗಿ ಬಂದರೆ ರಾತ್ರಿಯೆಲ್ಲ ಭತ್ತದ ಚೀಲ ಹೇರಿಕೊಂಡು ಗಂಗಾವತಿ ಕಡೆಗೆ ಓಡಾಟ. ಬೆಳಿಗ್ಗೆ ಮಾತ್ರ ಸೆಲ್ಫ್ ಎಳೆಯುವುದಿಲ್ಲ, ನಾಲ್ಕು ಮಂದಿ ತಳ್ಳಬೇಕು. ವರ್ಷ ತುಂಬುವುದರೊಳಗೆ ಎರಡು ಹೊಸ ಬ್ಯಾಟರಿ ಹಾಕಿಸಿದ್ದಾನೆ. ಎರಡನೆಯದೂ ಅದೇ ಹಾದಿ ಹಿಡಿದಿತ್ತು.

ಬ್ಯಾಟರಿ ಮಾರಿದ ಅಂಗಡಿಯವನ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ. ಎರಡು ಸಲವೂ ಅವನು ಮಾಡಿದ ಪರೀಕ್ಷೆ ಒಂದೇ: ಇಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಟರ್ಮಿನಲ್ ಕಿತ್ತು ಹಿಡಿದ. ಇಂಜಿನ್ ನಿಲ್ಲಲಿಲ್ಲ. "ಡೈನಮೋ ಚಲೋ ಐತಿ, ಬ್ಯಾಟರಿ ಹೋಗೈತಿ" ಅಂದ. ಹಳೆಯ ಕಾಲದ ಗಾಡಿಗಳಲ್ಲಿ ಈ ರೂಢಿ ಹೇಗೋ ನಡೆದುಹೋಯಿತು. ಈಗ ಡೈನಮೋದ ಜಾಗದಲ್ಲಿ ಕರೆಂಟು ಹುಟ್ಟಿಸುವುದು ಆಲ್ಟರ್ನೇಟರ್. ಕರೆಂಟು ಹರಿಯುತ್ತಿರುವಾಗ ಬ್ಯಾಟರಿ ಕಿತ್ತರೆ ವೋಲ್ಟೇಜು ಒಮ್ಮೆಲೇ ಹತ್ತಾರು ವೋಲ್ಟ್ ಮೇಲಕ್ಕೆ ಚಿಮ್ಮಬಹುದು. ಆ ಹೊಡೆತಕ್ಕೆ ಆಲ್ಟರ್ನೇಟರಿನೊಳಗಿನ ಡಯೋಡು, ರೆಗ್ಯುಲೇಟರು ಸುಟ್ಟರೆ ಅದೂ ಗಾಡಿಯವನ ತಲೆಗೇ. ಅಷ್ಟಾಗಿಯೂ ಆ ಪರೀಕ್ಷೆಯಿಂದ ತಿಳಿಯುವುದು ಇಷ್ಟೇ, ಏನೋ ಒಂದಿಷ್ಟು ಕರೆಂಟು ಹುಟ್ಟುತ್ತಿದೆ. ಎಷ್ಟು ಹುಟ್ಟುತ್ತಿದೆ, ಎಲ್ಲಿಗೆ ಮುಟ್ಟುತ್ತಿದೆ ಅನ್ನುವುದಕ್ಕೆ ಅದರಲ್ಲಿ ಉತ್ತರವಿಲ್ಲ.

ಕಾರಟಗಿಯ ಎಲೆಕ್ಟ್ರಿಷಿಯನ್ ಏನನ್ನೂ ಕೀಳಲಿಲ್ಲ. ಇಂಜಿನ್ ಬಂದ್ ಮಾಡಿಸಿ, ಒಂದೆರಡು ನಿಮಿಷ ಹೆಡ್‌ಲೈಟ್ ಉರಿಸಿ ಆರಿಸಿದರು. ಓಡಿಬಂದ ಗಾಡಿಯ ಬ್ಯಾಟರಿಯ ಮೇಲುಮೇಲಿನ ಚಾರ್ಜ್ ಹಾಗೆ ಇಳಿಸದಿದ್ದರೆ ಮೀಟರು ಸುಳ್ಳು ಹೇಳುತ್ತದಂತೆ. ಆಮೇಲೆ ನೋಡಿದರೆ 12.1 ವೋಲ್ಟ್. ತುಂಬಿದ ಬ್ಯಾಟರಿ 12.6 ತೋರಿಸಬೇಕು, 12.1 ಅಂದರೆ ಅರ್ಧವೂ ಇಲ್ಲ. ಬೆಲ್ಟು ಒತ್ತಿ ನೋಡಿದರು, ಬಿಗಿ ಸರಿಯಾಗಿತ್ತು. ಇಂಜಿನ್ ಚಾಲೂ ಮಾಡಿಸಿ ಹೆಡ್‌ಲೈಟ್ ಹಾಕಿಸಿದರು. ಬ್ಯಾಟರಿಯಲ್ಲಿ 12.9 ಬಂತು. ಸುಮಾರು 13.8ರಿಂದ 14.5ರ ಒಳಗೆ ಇರಬೇಕಾದದ್ದು. ಇಲ್ಲಿಗೇ ನಿಲ್ಲಿಸಿದ್ದರೆ ಆಲ್ಟರ್ನೇಟರ್ ಬದಲಿಸಿ ಅನ್ನಬಹುದಿತ್ತು, ಬಹಳ ಮಂದಿ ಹಾಗೆಯೇ ಅನ್ನುತ್ತಾರೆ. ಅವರು ಬಗ್ಗಿ ಮೀಟರಿನ ಕಡ್ಡಿಯನ್ನು ಆಲ್ಟರ್ನೇಟರಿನಿಂದ ಕರೆಂಟು ಹೊರಬರುವ ಬೋಲ್ಟಿಗೇ ಮುಟ್ಟಿಸಿದರು. 14.3. ಆಗ ಬಂದದ್ದು ಆ ಮಾತು, ನಡುವ ಯಾರ ಕುಡಿಯಾಕತ್ತಾರ.

ಒಂದು ಕಡ್ಡಿ ಆಲ್ಟರ್ನೇಟರಿನ ಬೋಲ್ಟಿಗೆ, ಇನ್ನೊಂದು ಬ್ಯಾಟರಿಯ ಪ್ಲಸ್ಸಿಗೆ ಇಟ್ಟರು. ನಡುವೆ ಕಳೆದುಹೋಗುತ್ತಿದ್ದದ್ದು 1.3 ವೋಲ್ಟ್. ಇದು 0.2, 0.3 ದಾಟಬಾರದು. ಅರ್ಥಿಂಗ್ (ಮೈನಸ್) ಕಡೆ 0.1, ಅಲ್ಲಿ ತಕರಾರಿಲ್ಲ. ಆ ಬೋಲ್ಟಿನಿಂದ ಬ್ಯಾಟರಿಗೆ ಹೋಗುವ ದಪ್ಪ ಕೆಂಪು ವೈರಿನ ತುದಿಯ ಹೊದಿಕೆ ಕಂದಿತ್ತು, ಮುಟ್ಟಿದರೆ ಸುಡುತ್ತಿತ್ತು. ಬಿಚ್ಚಿದಾಗ ಒಳಗೆ ಹಸಿರು ಹುಡಿ, ತಾಮ್ರದ ಎಳೆಗಳಲ್ಲಿ ಮುಕ್ಕಾಲು ತುಂಡಾಗಿದ್ದವು. ಬ್ಯಾಟರಿಗೆ ಹೋಗಬೇಕಾದದ್ದು ಅಲ್ಲಿ ಬಿಸಿಯಾಗಿ ಗಾಳಿಗೆ ಹೋಗುತ್ತಿತ್ತು. ಡ್ಯಾಶ್‌ಬೋರ್ಡಿನ ಕೆಂಪು ದೀಪ ಒಮ್ಮೆಯೂ ಹೊತ್ತಿರಲಿಲ್ಲ, ಹೊತ್ತುವ ಕಾರಣವೂ ಇರಲಿಲ್ಲ. ಆಲ್ಟರ್ನೇಟರ್ ತನ್ನ ಬಾಗಿಲಲ್ಲಿ 14.3 ನೋಡಿಕೊಂಡು ಎಲ್ಲ ಸರಿಯಿದೆ ಎಂದೇ ತಿಳಿದಿತ್ತು.

ಇದನ್ನು ಕೇಳಿದಾಗ ನನಗೆ ನೆನಪಾದದ್ದು ನಮ್ಮ ತುಂಗಭದ್ರಾ ಎಡದಂಡೆ ಕಾಲುವೆ. ನಮ್ಮದು ಸಿರವಾರದ ಕಡೆ ಕೊನೆಯ ಭಾಗದ ಹೊಲ. ಕಾಲುವೆ ಶುರುವಾಗುವ ಮುನಿರಾಬಾದಿನಲ್ಲಿ ಇಷ್ಟು ಕ್ಯೂಸೆಕ್ ಬಿಟ್ಟೆವು ಎಂದು ಪತ್ರಿಕೆಯಲ್ಲಿ ಬರುತ್ತದೆ, ಅಪ್ಪ ಒಣಗಿದ ಸಸಿಯ ಮುಂದೆ ನಿಂತಿರುತ್ತಾರೆ. ನೀರು ಬಿಟ್ಟದ್ದು ಸುಳ್ಳಲ್ಲ, ನಮಗೆ ಮುಟ್ಟದಿರುವುದೂ ಸುಳ್ಳಲ್ಲ. ಅದಕ್ಕೇ ರಾಯಚೂರಿನ ರೈತರು ಕಾಲುವೆಯ ಮೈಲ್ 69ರಲ್ಲಿ ಗೇಜ್ (ನೀರಿನ ಮಟ್ಟ) ಕಾಯಿರಿ ಎಂದು ವರ್ಷಾ ವರ್ಷಾ ಧರಣಿ ಕೂರುವುದು. ಎರಡು ತುದಿಗಳ ನಡುವೆ ಅಳತೆ ಇಲ್ಲದಿದ್ದರೆ ಕೊನೆಯಲ್ಲಿರುವವನೇ ಅಪರಾಧಿ: ನೀವು ಭತ್ತ ಯಾಕೆ ಹಾಕಿದಿರಿ ಎಂದು ಅಪ್ಪನನ್ನು ಕೇಳುತ್ತಾರೆ, ಬ್ಯಾಟರಿ ಹೋಗೈತಿ ಎಂದು ತಮ್ಮನಿಗೆ ಹೇಳುತ್ತಾರೆ.

ಬ್ಯಾಟರಿ ಹಾಳಾದದ್ದು ಸುಳ್ಳಲ್ಲ. ಸದಾ ಅರೆಹೊಟ್ಟೆಯಲ್ಲಿರುವ ಬ್ಯಾಟರಿಯ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಪೂರ್ತಿ ಕರಗುವುದಿಲ್ಲ. ಹೊಸದೊಂದು ಹೀಗೇಕೆ ಸತ್ತಿತು ಎಂದು ಒಮ್ಮೆಯಾದರೂ ಕೇಳಿಕೊಳ್ಳುವುದು ಮಾರಿದವನ ಕೆಲಸವಾಗಿತ್ತು. ಐದು ನಿಮಿಷ, ಒಂದು ಮೀಟರು ಸಾಕಿತ್ತು. ತಮ್ಮನಿಗೆ ಒಂದು ಬ್ಯಾಟರಿ ಅಂದರೆ ಸುಗ್ಗಿಯ ಎಷ್ಟೋ ರಾತ್ರಿಗಳ ದುಡಿಮೆ.

ಹೊಸ ವೈರು, ಅದರ ತುದಿಗೆ ಹೊಸ ಲಗ್ಗು (ಬೋಲ್ಟಿಗೆ ಕೂರುವ ಕೊಂಡಿ) ಹಾಕಿದ ಮೇಲೆ ಬ್ಯಾಟರಿಯಲ್ಲಿ 14.1 ಬಂತು. ವೈರಿನ ದುಡ್ಡಿನ ಮೇಲೆ ಕೂಲಿ ಅಂತ ಅವರು ಕೇಳಿದ್ದು ತೀರಾ ಕಡಿಮೆ. ತಮ್ಮ ಹೆಚ್ಚು ಕೊಡಲು ಹೋದರೆ, "ಮೊದಲ ಎರಡು ಬ್ಯಾಟರಿಗೆ ಕೊಟ್ಟೀಯಲ್ಲಪಾ" ಎಂದು ನೋಟು ಹಿಂದಕ್ಕೆ ತುರುಕಿದರು. ಬ್ಯಾಟರಿಯನ್ನು ಹೊರಗೆ ನಿಧಾನವಾಗಿ ಪೂರ್ತಿ ಚಾರ್ಜ್ ಮಾಡಿಸಿ ನೋಡು, ಉಳಿದರೂ ಉಳಿದೀತು ಅಂದರು. ಅದನ್ನು ಮಾಡಿಸುತ್ತಿದ್ದೇವೆ.

ಅಂಗಡಿಯವನಿಗೆ ತಮ್ಮ ಫೋನ್ ಮಾಡಿದ್ದ. ಗಾಡಿಯಲ್ಲಿ ಚಾರ್ಜಿಂಗ್ ದೋಷ ಇದ್ದರೆ ವಾರಂಟಿ ಸಿಗುವುದಿಲ್ಲ ಎಂಬ ಉತ್ತರ ಬಂತು. ಡೈನಮೋ ಚಲೋ ಐತಿ ಎಂದು ಎರಡು ಸಲ ಹೇಳಿದವನೂ ಅವನೇ. ಸೋಮವಾರ ಬಿಲ್ಲು, ವಾರಂಟಿ ಕಾರ್ಡು, ಆ ಹಸಿರುಗಟ್ಟಿದ ವೈರು ಮೂರನ್ನೂ ತೆಗೆದುಕೊಂಡು ತಮ್ಮನ ಜೊತೆ ನಾನೂ ಹೋಗುತ್ತಿದ್ದೇನೆ.