ಮಂತ್ರ ಹಾಕಿಸಿಕೊಂಡವರು ಬದುಕಿದ್ದಾರಲ್ಲ, ಅದಕ್ಕೇನಂತೀರಿ?

ಹಾವುಗಳ ಬಗ್ಗೆ ಮಾತಾಡಲು ಯಾವ ಊರಿಗೆ ಹೋದರೂ ಕೊನೆಗೆ ಯಾರಾದರೂ ಹಿರಿಯರು ಎದ್ದು ಕೇಳುತ್ತಾರೆ: "ಅಲ್ಲಾ ಸಾರ್, ನೀವು ಆಸ್ಪತ್ರೆ ಆಸ್ಪತ್ರೆ ಅಂತೀರಿ. ಮಂತ್ರ ಹಾಕಿಸಿಕೊಂಡು ಬದುಕಿದವರು ನಮ್ಮ ಕಣ್ಣೆದುರಿಗೇ ಇದ್ದಾರಲ್ಲ, ಅದಕ್ಕೇನಂತೀರಿ?"

ಬದುಕಿದ್ದಾರೆ, ನಿಜ. ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಅವರಿಗೆ ಕಚ್ಚಿದ್ದು ಯಾವ ಹಾವು, ಅದು ವಿಷ ಬಿಟ್ಟಿತ್ತೋ ಇಲ್ಲವೋ ಅಂತ ಯಾರೂ ವಿಚಾರಿಸಿರುವುದಿಲ್ಲ.

ನಮ್ಮ ದೇಶದಲ್ಲಿ 300ಕ್ಕೂ ಹೆಚ್ಚು ಜಾತಿಯ ಹಾವುಗಳಿವೆ. ಜನರ ಪ್ರಾಣ ಹೆಚ್ಚಾಗಿ ತೆಗೆಯುವುದು ನಾಲ್ಕೇ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಕೇರೆಹಾವು, ನೀರೊಳ್ಳೆ ಕಚ್ಚಿದರೆ ಗಾಯ ತೊಳೆದುಕೊಂಡರೆ ಸಾಕು. ಮನೆಯೊಳಗೆ ನುಗ್ಗುವ ತೋಳ ಹಾವಿನ ಮೈಮೇಲೂ ಪಟ್ಟೆಗಳಿರುತ್ತವೆ. ರಾತ್ರಿ ಬೆಳಕಲ್ಲಿ ಅದು ಥೇಟ್ ಕಟ್ಟುಹಾವಿನ ಹಾಗೇ ಕಾಣುತ್ತದೆ. ಅದು ಕಚ್ಚಿದವರು ಮಂತ್ರ ಹಾಕಿಸಿಕೊಂಡರೆ ಬೆಳಗ್ಗೆ ಎದ್ದು ಕಾಫಿ ಕುಡಿಯುತ್ತಾರೆ. ಹಾಕಿಸಿಕೊಳ್ಳದಿದ್ದರೂ ಕುಡಿಯುತ್ತಾರೆ, ಅಲ್ವಾ? ಇನ್ನೊಂದು ವಿಷಯ ಇದೆ. ವಿಷದ ಹಾವು ಕೂಡ ಎಷ್ಟೋ ಸಲ ವಿಷ ಬಿಡದೆ ಸುಮ್ನೆ ಕಚ್ಚುತ್ತದೆ. ವಿಷ ಅದರ ಬೇಟೆಗೆ ಬೇಕು, ನಮ್ಮ ಮೇಲೆ ಖರ್ಚು ಮಾಡಿ ಅದಕ್ಕೇನು ಲಾಭ? ಡಾಕ್ಟರುಗಳು ಇದನ್ನು ಡ್ರೈ ಬೈಟ್ ಅನ್ನುತ್ತಾರೆ. ಹೀಗೆ ಏನೂ ಮಾಡದಿದ್ದರೂ ಬದುಕುತ್ತಿದ್ದವರೆಲ್ಲ ಮಂತ್ರ ಹಾಕುವವರ ಲೆಕ್ಕಕ್ಕೆ ಸೇರಿಕೊಳ್ಳುತ್ತಾರೆ.

ಸತ್ತವರು ಮಾತ್ರ ಯಾರ ಲೆಕ್ಕಕ್ಕೂ ಬರುವುದಿಲ್ಲ. "ಪಥ್ಯ ಮುರಿದರು", "ನಾಗದೋಷ ಇತ್ತು", "ಆಯಸ್ಸು ಅಷ್ಟೇ ಇತ್ತು". ಇದಕ್ಕಿಂತ ವಿಚಿತ್ರ ಏನೆಂದರೆ, ಉಸಿರು ಕಟ್ಟತೊಡಗಿದ ಮೇಲೆ ಮಂತ್ರ ಹಾಕುವವರೇ "ಇನ್ನು ಆಸ್ಪತ್ರೆಗೆ ಕರಕೊಂಡು ಹೋಗಿ" ಎಂದು ಕಳಿಸುತ್ತಾರೆ. ರೋಗಿ ಅಲ್ಲಿ ಸಾಯುತ್ತಾನೆ. ಹೆಸರು ಕೆಡುವುದು ಆಸ್ಪತ್ರೆಯದು!

ಕಟ್ಟುಹಾವಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಅದು ರಾತ್ರಿ ಓಡಾಡುವ ಹಾವು, ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚುತ್ತದೆ. ನೋವು, ಊತ ಹೆಚ್ಚೇನೂ ಇರುವುದಿಲ್ಲ. ಹಲ್ಲಿನ ಗುರುತು ಹುಡುಕಿದರೂ ಸಿಗದೇ ಹೋಗಬಹುದು. ನಸುಕಿನಲ್ಲಿ ಹೊಟ್ಟೆನೋವು ಅನ್ನುತ್ತಾರೆ, ಮನೆಯವರು ಗ್ಯಾಸ್ ಇರಬೇಕು ಅಂದುಕೊಳ್ಳುತ್ತಾರೆ. ಆಮೇಲೆ ರೆಪ್ಪೆ ಜೋತು ಬೀಳುತ್ತದೆ, ಮಾತು ತೊದಲುತ್ತದೆ, ಎಂಜಲು ನುಂಗಲೂ ಆಗುವುದಿಲ್ಲ. ನಮ್ಮ ಕಡೆ ವಿಷ ಏರಿದೆಯಾ ಎಂದು ನೋಡಲು ಬೇವಿನ ಸೊಪ್ಪು ತಿನ್ನಿಸುವ ಪದ್ಧತಿ ಇದೆ. ಕಹಿ ಗೊತ್ತಾದರೆ ವಿಷ ಏರಿಲ್ಲವಂತೆ. ಆದರೆ ಈ ವಿಷ ಕೆಲಸ ಮಾಡುವುದು ನರ ಮತ್ತು ಸ್ನಾಯು ಸೇರುವ ಜಾಗದಲ್ಲಿ, ನಾಲಿಗೆಯ ರುಚಿಯ ಮೇಲಲ್ಲ. ಬೇವು ಕಹಿಯಾಗಿಯೇ ಇರುತ್ತದೆ, ಉಸಿರಾಟದ ಸ್ನಾಯುಗಳು ಒಂದೊಂದಾಗಿ ಸೋಲುತ್ತಿರುತ್ತವೆ. ನರದ ತುದಿ ಹಾಳಾದ ಮೇಲೆ ಪ್ರತಿವಿಷ, ಅಂದರೆ ಹಾವಿನ ವಿಷಕ್ಕೆ ಆಸ್ಪತ್ರೆಯಲ್ಲಿ ಕೊಡುವ ಔಷಧಿ, ಕೊಟ್ಟರೂ ಅದು ತಕ್ಷಣ ಸರಿಹೋಗುವುದಿಲ್ಲ, ದಿನಗಟ್ಟಲೆ ವೆಂಟಿಲೇಟರ್ ಬೇಕು. ಬೇವು ಅಗಿಯುತ್ತಾ ಕಳೆದ ಆ ಒಂದೆರಡು ಗಂಟೆಯ ಬೆಲೆ ಇದು.

ವಿಷ ಹೀರುತ್ತದೆಂದು ಗಾಯದ ಮೇಲೆ ಇಡುವ ಹಾವಿನ ಕಲ್ಲಿನದೂ ಇದೇ ಕಥೆ. ಅದು ಸಾಮಾನ್ಯವಾಗಿ ಸುಟ್ಟ ಮೂಳೆಯ ತುಂಡು. ಸಣ್ಣ ಸಣ್ಣ ತೂತುಗಳಿರುವುದರಿಂದ ಒದ್ದೆ ಗಾಯಕ್ಕೆ ಅಂಟಿಕೊಳ್ಳುತ್ತದೆ, ತೇವ ತುಂಬಿದ ಮೇಲೆ ಬೀಳುತ್ತದೆ. ಅದನ್ನೇ "ವಿಷ ಹೀರಿ ಬಿತ್ತು" ಅನ್ನುವುದು.

ಭಾರತದಲ್ಲಿ 2000ದಿಂದ 2019ರವರೆಗೆ ಸುಮಾರು 12 ಲಕ್ಷ ಜನ ಹಾವು ಕಚ್ಚಿ ಸತ್ತಿದ್ದಾರೆ ಎಂಬುದು ವಿಜ್ಞಾನಿಗಳ ಅಂದಾಜು. ಅಂದರೆ ವರ್ಷಕ್ಕೆ ಹತ್ತಿರ ಹತ್ತಿರ 58,000. ಅದಕ್ಕೂ ಮೊದಲು, 2011ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಪ್ರಕಾರ ಹಾವು ಕಚ್ಚಿ ಸತ್ತವರಲ್ಲಿ ಮುಕ್ಕಾಲು ಪಾಲು ಜನ ಸತ್ತದ್ದು ಆಸ್ಪತ್ರೆಯ ಹೊರಗೆ.

ಹಾಗಂತ ಹಳ್ಳಿಯವರನ್ನು ಮೂಢರು ಎಂದು ನಗುವವರನ್ನು ಕಂಡರೆ ನನಗಾಗುವುದಿಲ್ಲ. ನಡುರಾತ್ರಿ ಬಾಗಿಲು ಬಡಿದರೆ ಮಂತ್ರ ಹಾಕುವವರು ಎದ್ದು ಬರುತ್ತಾರೆ. ದುಡ್ಡು ಕೇಳದವರೂ ಇದ್ದಾರೆ. ಆಸ್ಪತ್ರೆಗೆ ಹೋದರೆ ಡಾಕ್ಟರು ಇರುವುದಿಲ್ಲ, ಇದ್ದರೆ ಪ್ರತಿವಿಷ ಇರುವುದಿಲ್ಲ, ಎರಡೂ ಇದ್ದರೆ ಅಷ್ಟು ಹೊತ್ತಿಗೆ ಗಾಡಿ ಸಿಗುವುದಿಲ್ಲ. ಮೌಢ್ಯ ಪ್ರತಿಬಂಧಕ ಕಾಯ್ದೆ ಎಂದು ಎಲ್ಲರೂ ಕರೆಯುವ 2017ರ ಕರ್ನಾಟಕದ ಕಾಯ್ದೆಯಲ್ಲಿ, ಹಾವು ಕಚ್ಚಿದವರಿಗೆ ಚಿಕಿತ್ಸೆ ತಪ್ಪಿಸಿ ಮಂತ್ರ ತಂತ್ರ ಮಾಡಿಸುವುದೂ ಅಪರಾಧ. ಒಳ್ಳೆಯದೇ. ಆದರೆ ತಾಲ್ಲೂಕು ಆಸ್ಪತ್ರೆಯ ಫ್ರಿಜ್ಜಿನಲ್ಲಿ ಪ್ರತಿವಿಷ ಇಲ್ಲದಿದ್ದರೆ ಕಾಯ್ದೆ ಇಟ್ಟುಕೊಂಡು ಏನು ಮಾಡೋಣ? ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಸರ್ಕಾರಕ್ಕೆ ತಿಳಿಸಲೇಬೇಕು ಎಂದು ರಾಜ್ಯ 2024ರಲ್ಲಿ ನಿಯಮ ಮಾಡಿದೆ. ನನಗೆ ಅದರ ಮೇಲೆ ಜಾಸ್ತಿ ಭರವಸೆ. ಎಲ್ಲಿ ಎಷ್ಟು ಜನಕ್ಕೆ ಕಚ್ಚಿತು ಎಂದು ಗೊತ್ತಾದರೆ ಔಷಧಿ ಎಲ್ಲಿಗೆ ಕಳಿಸಬೇಕು ಎಂದೂ ಗೊತ್ತಾಗುತ್ತದೆ.

ಅದಕ್ಕೇ ಎದ್ದು ನಿಂತ ಹಿರಿಯರ ಜೊತೆ ನಾನು ವಾದಕ್ಕಿಳಿಯುವುದಿಲ್ಲ. ಮಂತ್ರ ಬೇಕೇ ಬೇಕು ಅಂದರೆ ಹಾಕುವವರನ್ನೂ ಗಾಡಿಯಲ್ಲಿ ಕೂರಿಸಿಕೊಳ್ಳಿ, ದಾರಿಯಲ್ಲೇ ಹಾಕಲಿ ಅನ್ನುತ್ತೇನೆ. ಸಭೆಯಲ್ಲಿ ನಗು ಏಳುತ್ತದೆ, ಹಿರಿಯರೂ ನಗುತ್ತಾರೆ. ಆಮೇಲೆ ಉಳಿದದ್ದು ಹೇಳುವುದು ಸುಲಭ. 108ಕ್ಕೆ ಫೋನ್ ಮಾಡಿ. ಉಂಗುರ, ಬಳೆ, ಕಾಲುಂಗುರ ಬಿಚ್ಚಿ. ಗಾಯ ಕೊಯ್ಯಬೇಡಿ, ಬಾಯಿ ಹಾಕಿ ಹೀರಬೇಡಿ, ಹಗ್ಗ ಬಿಗಿಯಬೇಡಿ. ಕೈಕಾಲು ಅಲ್ಲಾಡದ ಹಾಗೆ ನೋಡಿಕೊಳ್ಳಿ. ಹಾವನ್ನು ಹುಡುಕಿ ಹೊಡೆಯುತ್ತಾ ಹೊತ್ತು ಕಳೆಯಬೇಡಿ. ಕಚ್ಚಿದಾಗ ಗಂಟೆ ಎಷ್ಟಾಗಿತ್ತು ಅನ್ನುವುದನ್ನು ಮಾತ್ರ ನೆನಪಿಟ್ಟುಕೊಳ್ಳಿ, ಡಾಕ್ಟರು ಕೇಳುತ್ತಾರೆ.